ಟೈಲರಮ್ಮ ಸರ್ಕಾರವಾದದ್ದು

ಟೈಲರಮ್ಮನ ಅಂಗಡಿ ಶಾಲೆಯ ಗೇಟಿಗೆ ನೇರ ಎದುರಿಗಿತ್ತು. ನಡುವೆ ಒಂದು ರಸ್ತೆ, ಅಷ್ಟೆ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕಾಯುವ ತಾಳ್ಮೆಯಿಲ್ಲದವರೆಲ್ಲ ಒಳದಾರಿ ಅಂತ ಇದಕ್ಕೆ ನುಗ್ಗುತ್ತಿದ್ದರು. ಒಳದಾರಿ ಹಿಡಿದ ಮೇಲೂ ನಿಧಾನವಾಗಿ ಹೋದರೆ ಏನು ಸುಖ ಅಂತ ಬಿಟ್ಟ ಬಾಣದ ಹಾಗೆ ಹೋಗುತ್ತಿದ್ದರು. ಬೆಳಿಗ್ಗೆ ಶಾಲೆ ಸೇರುವ ಹೊತ್ತಿನಲ್ಲಿ ಟೈಲರಮ್ಮನ ಕಾಲು ಮೆಷಿನ್ನಿನ ಪೆಡಲಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಆ ಹೊತ್ತಿನಲ್ಲಿ ಹೊಲಿದ ಅಂಗಿಗಳ ಕಾಲರೆಲ್ಲ ಶಾಲೆಯ ಕಡೆಗೇ ವಾಲಿರುತ್ತವೆ ಅಂತ ಗಿರಾಕಿಗಳು ಗೊಣಗುತ್ತಿದ್ದರು.

ಅವಳ ಒಬ್ಬಳೇ ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ಹುಟ್ಟಿದಾಗ ಮುಖ ದುಂಡಗಿತ್ತು, ಕಣ್ಣೆರಡು ಸೂಜಿ ಹಾಯುವ ತೂತಿನಷ್ಟಿದ್ದವು ಅಂತ ಅಮ್ಮ ಅವಳನ್ನು ‘ಗುಂಡಿ’ ಅಂತ ಕರೆದಳು. ಅಂಗಿಗೆ ಹಾಕುವ ಗುಂಡಿ. ಶಾಲೆಯಲ್ಲಿ ಬೇರೆ ಹೆಸರಿದ್ದರೂ ಬೀದಿಗೆಲ್ಲ ಅವಳು ಗುಂಡಿಯೇ. ಗಂಡ ಬಸ್ ಡ್ರೈವರು, ಕತ್ತಲಿರುವಾಗಲೇ ಡ್ಯೂಟಿಗೆ ಹೋಗುವವನು. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ, ಆ ಮನೆಯ ದೊಡ್ಡ ದನಿ ಅತ್ತೆ.

ಒಂದು ದಿನ ಬೆಳಿಗ್ಗೆ ಗುಂಡಿ ರಸ್ತೆ ದಾಟುತ್ತಿದ್ದಾಗ ಒಂದು ವ್ಯಾನು ಅವಳ ಬೆನ್ನಿನ ಚೀಲವನ್ನು ಕಿತ್ತುಕೊಂಡು ಹೋಯಿತು. ಮಗುವಿಗೆ ಒಂದು ಗೀರೂ ಆಗಲಿಲ್ಲ. ತಿಂಡಿ ಡಬ್ಬಿ ಮಾತ್ರ ಚಪ್ಪಟೆಯಾಗಿ ಮುಚ್ಚಳ ಯಾವುದು, ತಳ ಯಾವುದು ತಿಳಿಯದ ಹಾಗಾಯಿತು. ಟೈಲರಮ್ಮ ಆ ಡಬ್ಬಿಯನ್ನೇ ಹಿಡಿದುಕೊಂಡು ನಗರಸಭೆಗೆ ಹೋದಳು.

“ನಮ್ಮ ಗುಂಡಿಗೆ ಆ ರಸ್ತೇಲಿ ಒಂದು ವ್ಯವಸ್ಥೆ ಮಾಡಿ ಸಾರ್,” ಅಂದಳು ಕೌಂಟರಿನ ಗುಮಾಸ್ತನಿಗೆ.

“ಗುಂಡಿ ಎಷ್ಟು ಆಳ ಇದೆ?”

“ಆಳ ಅಲ್ಲ ಸಾರ್, ಏಳು ವರ್ಷ.”

“ಏಳು ವರ್ಷದಿಂದ ಮುಚ್ಚಿಲ್ವಾ?” ಗುಮಾಸ್ತ ನಿಜವಾಗಿಯೂ ಮರುಗಿದ. “ಮೂರನೇ ಮಹಡಿಗೆ ಹೋಗಿ. ಗುಂಡಿಗಳೆಲ್ಲ ಅಲ್ಲಿ.”

ಮೂರನೇ ಮಹಡಿಯ ಎಂಜಿನಿಯರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. “ನೋಡಮ್ಮ, ಮಕ್ಕಳನ್ನ ಹೆತ್ತೋರು ನೀವು. ಸರ್ಕಾರ ಎಷ್ಟು ಅಂತ ನೋಡ್ಕೊಳ್ಳುತ್ತೆ? ಕೈ ಹಿಡ್ಕೊಂಡು ದಾಟಿಸಬೇಕಪ್ಪ.”

“ಹಿಡ್ಕೊಂಡ್ರೆ ಇಬ್ರೂ ಸಾಯ್ತೀವಿ ಸಾರ್. ಅಲ್ಲೊಂದು ಹಂಪ್ ಹಾಕಿಸಿ ಅಂತ ಕೇಳ್ತಿದೀನಿ.”

“ಹಂಪ್ ಹಾಕಬೇಕಾದ್ರೆ ಅಲ್ಲಿ ವಾಹನ ನಿಧಾನವಾಗಿ ಹೋಗೋ ಜಾಗ ಆಗಿರಬೇಕು. ಇಷ್ಟು ಜೋರಾಗಿ ಹೋಗೋ ಕಡೆ ಹಂಪ್ ಹಾಕಿದ್ರೆ ಅಪಘಾತ ಆಗುತ್ತೆ.”

ಶಾಲೆಯ ದೊಡ್ಡ ಟೀಚರು ಗೇಟಿನ ಕಬ್ಬಿಣದ ಗೆರೆಯನ್ನು ಕಾಲಿನಿಂದ ತೋರಿಸಿ, “ಇದರ ಒಳಗೆ ನಮ್ಮ ಜವಾಬ್ದಾರಿ, ಹೊರಗೆ ನಿಮ್ಮದು,” ಅಂದರು. ಪೊಲೀಸು ಡಬ್ಬಿ ನೋಡಿ, “ಇದಕ್ಕೆಲ್ಲ ಕೇಸ್ ಹಾಕೋಕಾಗಲ್ಲಮ್ಮ, ದೊಡ್ಡದೇನಾದ್ರೂ ಆದ್ರೆ ಬನ್ನಿ, ಖಂಡಿತ ಹಾಕೋಣ,” ಅಂತ ಸಮಾಧಾನ ಹೇಳಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಜಗಳವನ್ನೂ ಯಾರೂ ಆಡುತ್ತಿರಲಿಲ್ಲ. ನಿಮ್ಮದು ನಿಮ್ಮದು ಅಂತ ಕೂಸನ್ನು ಬಹಳ ಮರ್ಯಾದೆಯಿಂದ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು.

ಮನೆಗೆ ಬಂದರೆ ಅತ್ತೆಯ ಪುರಾಣ. “ಒಂದು ಡಬ್ಬಿ ಜಜ್ಜಿದ್ದಕ್ಕೆ ಊರೆಲ್ಲ ಸುತ್ತಿ ಬಂದ್ಯಾ? ನಾನು ಆರು ಹೆತ್ತೆ ಕಣೇ. ಒಬ್ಬರ ಕೈನೂ ಹಿಡೀಲಿಲ್ಲ. ತಾವಾಗೇ ಹೋದ್ವು, ತಾವಾಗೇ ಬಂದ್ವು.”

ಮಾರನೇ ಬೆಳಿಗ್ಗೆ ಟೈಲರಮ್ಮ ಎದ್ದು ಅಳತೆಯ ಕೋಲಿಗೆ ಒಂದು ಕೆಂಪು ಲೈನಿಂಗ್ ಬಟ್ಟೆ ಕಟ್ಟಿಕೊಂಡು ರಸ್ತೆಯ ನಡುವೆ ಹೋಗಿ ನಿಂತಳು.

ವಾಹನಗಳು ನಿಂತವು. ಕೆಂಪು ಕಂಡರೆ ನಿಲ್ಲುವುದು ಮನುಷ್ಯನ ಕಾಲಿಗೆ ಹೇಗೋ ಅಂಟಿಬಿಟ್ಟಿದೆ, ಯಾರು ಹಿಡಿದಿದ್ದಾರೆ ಅಂತ ಆಮೇಲೆ ನೋಡುತ್ತಾರೆ. ನೋಡಿದ ಮೇಲೆ ಬೈಯುತ್ತಾರೆ. ಹಾಗೆ ಬೈದವರಲ್ಲಿ ಅರ್ಧದಷ್ಟು ಮಂದಿಯ ಹಿಂದಿನ ಸೀಟಿನಲ್ಲಿ ಇದೇ ಶಾಲೆಯ ಸಮವಸ್ತ್ರ ತೊಟ್ಟ ಮಕ್ಕಳು ಕೂತಿರುತ್ತಿದ್ದವು. ತಮ್ಮ ಮಗು ಹೊತ್ತಿಗೆ ಸರಿಯಾಗಿ ಶಾಲೆ ಸೇರಲಿ ಅಂತ ಬೇರೆಯವರ ಮಗುವಿನ ಮೇಲೆ ಹಾಯಿಸಿಕೊಂಡು ಬರುವ ತಂದೆತಾಯಿಗಳು! ಟೈಲರಮ್ಮ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಿಂದ ಮಕ್ಕಳನ್ನು ಕೋಳಿಮರಿಗಳ ಹಾಗೆ ಅಟ್ಟುತ್ತಿದ್ದಳು. ಕಾಲ್ನಡಿಗೆಯಲ್ಲಿ ಬರುವ ಅಪ್ಪ ಅಮ್ಮಂದಿರೂ ಜೊತೆಗೆ ದಾಟಿ, “ಪುಣ್ಯ ಕಣಮ್ಮ ನಿಂದು,” ಅನ್ನುತ್ತಿದ್ದರು.

ಯಾರೋ ಪತ್ರಿಕೆಯವನು ಫೋಟೋ ತೆಗೆದ. ಫೋಟೋ ಬಂದ ಮಧ್ಯಾಹ್ನವೇ ವಾರ್ಡಿನ ಮೆಂಬರು ಅಂಗಡಿಗೆ ಬಂದು, ಕಟ್ ಮಾಡಿಟ್ಟಿದ್ದ ಬಟ್ಟೆಯ ಮೇಲೆಯೇ ಕೂತ.

“ಅಮ್ಮಾ, ನೀವು ಮಾಡ್ತಿರೋದು ಕಾನೂನಿಗೆ ವಿರುದ್ಧ,” ಅಂದ. “ಅಧಿಕಾರ ಇಲ್ಲದೋರು ವಾಹನ ನಿಲ್ಲಿಸೋ ಹಾಗಿಲ್ಲ. ಅದಕ್ಕೆ ನಿಮಗೇ ಅಧಿಕಾರ ಕೊಡಿಸ್ತೀನಿ. ‘ಮಕ್ಕಳ ಸುರಕ್ಷತಾ ಸಹಾಯಕಿ’. ಸಂಬಳಾನೂ ಇದೆ. ಏನಂತೀರಿ?”

ಏನನ್ನುವುದು? ಕೂತಲ್ಲಿಗೇ ಕೆಲಸ ಬಂದಿತ್ತು. ಗಂಡ ಸಂಜೆ ಬಂದವನು ಸುದ್ದಿ ಕೇಳಿ, “ಲೇ, ನಾನು ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದ್ರೂ ಯಾವ ಮೆಂಬರೂ ಮನೆಗೆ ಬರ್ಲಿಲ್ಲ. ನೀನು ಕೋಲು ಹಿಡಿದ ತಿಂಗಳಿಗೇ ಸರ್ಕಾರ ಆಗ್ಬಿಟ್ಟೆಯಲ್ಲೇ!” ಅಂತ ನಕ್ಕ.

ಹಳದಿ ಜಾಕೆಟ್ಟು ಬಂತು. ಅದು ಅವಳಂಥ ಇಬ್ಬರಿಗೆ ಸಾಕಾಗುವಷ್ಟಿತ್ತು. ಟೈಲರಮ್ಮ ರಾತ್ರೋರಾತ್ರಿ ಬಿಚ್ಚಿ, ಬಗಲು ಕಿರಿದು ಮಾಡಿ, ಸೊಂಟಕ್ಕೆ ಒಳಮಡಿಕೆ ಕೊಟ್ಟು ಹೊಲಿದುಕೊಂಡಳು. ಒಂದು ಪೀಪಿಯೂ ಬಂತು. ಅದನ್ನು ಊದಿದಾಗ ಇಡೀ ಬೀದಿ ತಿರುಗಿ ನೋಡುವುದು ಅವಳಿಗೆ ಹಿಡಿಸಿತು. ಸುಳ್ಳೇಕೆ, ತುಂಬಾನೇ ಹಿಡಿಸಿತು. ಕನ್ನಡಿಯ ಮುಂದೆ ನಿಂತು ಜಾಕೆಟ್ಟಿನ ಮೇಲಿನ ಬಿಲ್ಲೆಯನ್ನು ಉಜ್ಜುವಾಗ ಗುಂಡಿ ಬಾಗಿಲಲ್ಲಿ ನಿಂತು, “ಅಮ್ಮಾ, ಜಡೆ,” ಅಂದರೆ, “ತಡಿಯೇ, ಡ್ಯೂಟಿ ಹೊತ್ತಾಯ್ತು, ಅಜ್ಜಿ ಹತ್ರ ಹೋಗು,” ಅನ್ನತೊಡಗಿದಳು.

ಅವಳು ಸರ್ಕಾರವಾದ ಕೂಡಲೇ ತಂದೆತಾಯಿಗಳು ಬದಲಾದರು. ಅಲ್ಲಿಯವರೆಗೆ ಗೇಟಿನ ತನಕ ಬರುತ್ತಿದ್ದವರು ಬೀದಿಯ ತುದಿಯಲ್ಲೇ ಮಕ್ಕಳನ್ನು ಇಳಿಸಿ ಹೋಗತೊಡಗಿದರು. “ಅವಳಿದಾಳಲ್ಲ, ಸಂಬಳ ತಗೊಳ್ಳಲ್ವಾ?” ಒಬ್ಬಾಕೆ ದೂರದಿಂದಲೇ, “ಇವನ ಮೂಗು ಒರೆಸಿ ಕಳಿಸಿ!” ಅಂತ ಕೂಗಿದಳು. ಪೇಪರ್ ಅಂಗಡಿಯವನು ತನ್ನ ಮಗನ ಶೂ ಲೇಸು ದಾರಿಯಲ್ಲಿ ಬಿಚ್ಚಿಹೋದದ್ದಕ್ಕೆ ಅವಳನ್ನು ತರಾಟೆಗೆ ತೆಗೆದುಕೊಂಡ. ಟೈಲರಮ್ಮನೂ ಸುಮ್ಮನಿರಲಿಲ್ಲ, ಪೀಪಿ ಊದಿ ಅಪ್ಪಂದಿರನ್ನು ಬಯ್ಯುವುದು ಕಲಿತಳು.

ಇಷ್ಟರಲ್ಲಿ ನಗರಸಭೆಯಿಂದ ಹೇಳಿಕಳಿಸಿದರು. ನೌಕರರೆಲ್ಲ ದಿನಾ ಬೆಳಿಗ್ಗೆ ಎಂಟೂವರೆಗೆ ಕಚೇರಿಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕು.

ಟೈಲರಮ್ಮ ಮೂರನೇ ಮಹಡಿಗೆ ಓಡಿದಳು. “ಸಾರ್, ಮಕ್ಕಳು ರಸ್ತೆ ದಾಟೋದೇ ಎಂಟೂವರೆಗೆ!”

“ಅದು ಶಾಲೆಯವರ ಸಮಯ,” ಅಂದ ಎಂಜಿನಿಯರು. “ನಮ್ಮ ಸಮಯಾನೂ ಅದೇ ಆದ್ರೆ ನಾವೇನು ಮಾಡೋಕಾಗುತ್ತೆ?”

“ಒಂಬತ್ತೂವರೆಗೆ ಬಂದು ಸಹಿ ಮಾಡ್ತೀನಿ. ಕೆಲಸ ಮುಗಿಸ್ಕೊಂಡೇ ಬರ್ತೀನಿ.”

“ಅದು ಹೆಂಗಾಗುತ್ತಮ್ಮ? ಸಹಿ ಮಾಡದೆ ಕೆಲಸ ಮಾಡಿದ್ರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಕೆಲಸ ಮಾಡದೆ ಸಹಿ ಮಾಡಿದ್ರೆ ಬೇಕಾದ್ರೆ ಏನಾದ್ರೂ ದಾರಿ ನೋಡಬಹುದು.”

ಅಂದೇ ಆ ಜಾಕೆಟ್ಟು ಬಿಚ್ಚಿ ಮೇಜಿನ ಮೇಲೆ ಇಟ್ಟು ಬರಬಹುದಿತ್ತು. ಆದರೆ ಒಂದು ಸಲ ಬಂದ ಬಿಲ್ಲೆಯನ್ನು ಬಿಡುವುದು ಹಲ್ಲು ಕಿತ್ತ ಹಾಗೆ. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಎಂಟೂವರೆಗೆ ಊರಿನ ಆ ತುದಿಯಲ್ಲಿ ಸಾಲಿನಲ್ಲಿ ನಿಂತು ಸಹಿ ಹಾಕಿ, ಬಸ್ಸು ಹಿಡಿದು ಬರುವ ಹೊತ್ತಿಗೆ ಶಾಲೆಯ ಗೇಟು ಹಾಕಿರುತ್ತಿತ್ತು. ಖಾಲಿ ರಸ್ತೆಯ ನಡುವೆ ಪೀಪಿ ಕೊರಳಿಗೆ ಹಾಕಿಕೊಂಡು ಮಧ್ಯಾಹ್ನದವರೆಗೆ ನಿಲ್ಲುತ್ತಿದ್ದಳು. ಎರಡು ನಾಯಿಗಳು ಅವಳ ಕೈಕೆಳಗೆ ಬಹಳ ಸುರಕ್ಷಿತವಾಗಿ ದಾಟಿದವು.

ಒಂದು ದಿನ ಪೇಪರ್ ಅಂಗಡಿಯವನು ಅಡ್ಡಗಟ್ಟಿದ. “ಏನಮ್ಮಾ, ಬೆಳಿಗ್ಗೆ ಮಕ್ಕಳು ಬರೋ ಹೊತ್ತಲ್ಲಿ ನೀವೇ ಇರಲ್ಲ. ನಿನ್ನೆ ನನ್ನ ಮಗ ಕೂದಲೆಳೇಲಿ ಉಳ್ಕೊಂಡ. ಸರ್ಕಾರ ಏನು ಮಾಡ್ತಿದೆ?”

ಬಸ್ಸಿನಲ್ಲಿ ನಿಂತು ಬಂದು ಕಾಲು ಸೋತಿತ್ತು. ಟೈಲರಮ್ಮನ ಬಾಯಿಂದ ಥಟ್ಟನೆ ಮಾತು ಹೊರಬಿತ್ತು. “ಮಕ್ಕಳನ್ನ ಹೆತ್ತೋರು ನೀವು. ಸರ್ಕಾರ ಎಷ್ಟು ಅಂತ ನೋಡ್ಕೊಳ್ಳುತ್ತೆ?”

ಆಡಿದ ಮೇಲೆ ತನ್ನ ಕಿವಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು. ಯಾರದ್ದು ಅಂತ ನೆನಪಾಗಿ ನಾಚಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪೀಪಿ ಊದಿ, ಬರದೇ ಇದ್ದ ವಾಹನವೊಂದನ್ನು ನಿಲ್ಲಿಸಿದಳು.

ಅದಾದ ಮುಂದಿನ ವಾರ, ಹಾಜರಿಯ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು. ಬೀದಿಯ ಟೀ ಅಂಗಡಿಯವನು. “ಅಕ್ಕಾ, ಗಾಬರಿ ಆಗ್ಬೇಡಿ. ಗುಂಡಿ ಬಿದ್ದಿದೆ. ಆಸ್ಪತ್ರೆಗೆ ಬನ್ನಿ.”

ಅವಳ ಮುಂದೆ ಇನ್ನಿಬ್ಬರೇ ಇದ್ದರು. ಒಂದು ಕ್ಷಣ, ಒಂದೇ ಒಂದು ಕ್ಷಣ, ಸಹಿ ಹಾಕಿಯೇ ಹೋಗಲೇ ಅನ್ನಿಸಿತು. ಆ ಕ್ಷಣವನ್ನು ಅವಳು ಮುಂದೆ ಗಂಡನಿಗೂ ಹೇಳಲಿಲ್ಲ.

ಗುಂಡಿಯ ಬಲಗೈ ಮೊಣಕೈಯ ಮೇಲೆ ಮುರಿದಿತ್ತು. ಬಿಳಿ ಪ್ಲಾಸ್ಟರಿನ ತೂಕಕ್ಕೆ ಮಗು ಒಂದು ಕಡೆ ವಾಲಿಕೊಂಡು ಮಲಗಿತ್ತು. ಕಾರಿಡಾರಿನಲ್ಲಿ ಗುಂಡಿಗೆ ಗುದ್ದಿದ ವ್ಯಾನಿನವನು ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ಇದೇ ಶಾಲೆಯ ಸಮವಸ್ತ್ರದ ಪುಟ್ಟ ಹುಡುಗಿಯೊಬ್ಬಳು ಬಿಕ್ಕುತ್ತಿದ್ದಳು.

“ಲೇಟಾಗಿತ್ತು ಅಕ್ಕಾ,” ಅಂದ ಅವನು. “ಲೇಟಾದ್ರೆ ಇವಳನ್ನ ಬಿಸಿಲಲ್ಲಿ ನಿಲ್ಲಿಸ್ತಾರೆ. ಅದಕ್ಕೆ ಸ್ವಲ್ಪ ಜೋರಾಗಿ...” ಟೈಲರಮ್ಮ ಬಾಯಿ ತುಂಬ ಬಯ್ಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಮಗುವಿನ ಮುಖ ನೋಡಿ ಒಂದೂ ಆಡಲಾಗಲಿಲ್ಲ.

ಅತ್ತೆ ಬೆಂಚಿನ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮಗುವನ್ನು ಒಂಟಿಯಾಗಿ ಕಳಿಸಿದ್ದು ಅವಳೇ.

“ನೀವು ಆರು ಹೆತ್ತೋರಲ್ವಾ,” ಅಂದಳು ಟೈಲರಮ್ಮ. ದನಿಯಲ್ಲಿ ವಿಷವಿತ್ತು. “ಒಬ್ಬರ ಕೈನೂ ಹಿಡೀಲಿಲ್ಲ ಅಲ್ವಾ?”

“ನಿನ್ನ ಗಂಡನೂ ಸೇರಿ ಈಗ ಎಷ್ಟು ಜನ ಇದಾರೆ? ಎಣಿಸು,” ಅಂದಳು ಅತ್ತೆ.

ಎಣಿಸುವುದೇನು, ನಾಲ್ವರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಟೈಲರಮ್ಮನಿಗೆ ಆ ಲೆಕ್ಕ ಹೊಳೆದೇ ಇರಲಿಲ್ಲ.

“ಒಂದು ಕೆರೇಲಿ ಹೋಯ್ತು. ಒಂದು ಗಾಡಿ ಕೆಳಗೆ,” ಅಂದಳು ಅತ್ತೆ. “ಹಣೆಬರಹ ಅಂದ್ರು ಎಲ್ಲರೂ. ಯಾರೂ ಬಂದು, ಏನಮ್ಮಾ ಹೆಂಗಾಯ್ತು, ಯಾರು ನೋಡ್ಕೋಬೇಕಿತ್ತು ಅಂತ ಕೇಳ್ಲಿಲ್ಲ. ಕೇಳಿದ್ರೆ ಒಂದು ಸಲ ಅತ್ತಾದ್ರೂ ಅಳ್ತಿದ್ದೆ. ಕೇಳ್ಲಿಲ್ಲ ಅಂತ, ಆರು ಹೆತ್ತೆ, ಆರು ಹೆತ್ತೆ ಅಂತ ಜಂಬ ಹೇಳ್ಕೊಂಡು ಬಂದೆ.”

ಟೈಲರಮ್ಮ ಅವಳ ಪಕ್ಕದಲ್ಲಿ ಕೂತಳು. ಅತ್ತೆಯ ಬೆರಳುಗಳು ಮಂಜಿನಂತೆ ತಣ್ಣಗಿದ್ದವು, ಟೈಲರಮ್ಮ ಅವನ್ನು ಎರಡೂ ಅಂಗೈಯಲ್ಲಿ ಹಿಡಿದು ತಿಕ್ಕಿದಳು.

ನಗರಸಭೆ ಸುಮ್ಮನಿರುತ್ತದೆಯೇ? ವಿಚಾರಣೆ ಇಟ್ಟಿತು. ಟೈಲರಮ್ಮನಿಗೆ ಒಂದೇ ದಿನ ಎರಡು ಕರೆ: ಮಗುವನ್ನು ಒಂಟಿಯಾಗಿ ಬಿಟ್ಟ ತಾಯಿಯಾಗಿ ಒಂದು, ಜಾಗದಲ್ಲಿಲ್ಲದ ಸಹಾಯಕಿಯಾಗಿ ಇನ್ನೊಂದು. ವಿಚಾರಣೆಯ ಅಧಿಕಾರಿ ಸಣ್ಣಗಿನ, ಸೌಮ್ಯ ಮನುಷ್ಯ. ಮೇಜಿನ ಮೇಲೆ ಎರಡು ಫೈಲುಗಳನ್ನು ಒಂದಕ್ಕೊಂದು ತಾಗದ ಹಾಗೆ ಇಟ್ಟುಕೊಂಡಿದ್ದ.

“ಮೊದಲು ತಾಯಿಯಾಗಿ ಉತ್ತರ ಕೊಡಿ. ಮಗು ರಸ್ತೆ ದಾಟುವಾಗ ನೀವೆಲ್ಲಿದ್ರಿ?”

“ಇಲ್ಲೇ ಸಾರ್. ಕೆಳಗಡೆ, ಸಹಿ ಮಾಡೋ ಸಾಲಲ್ಲಿ.”

“ಅಂದ್ರೆ ಮಗು ಜೊತೆ ಇರ್ಲಿಲ್ಲ.” ಬರೆದುಕೊಂಡ. ಆ ಫೈಲು ಮುಚ್ಚಿ ಇನ್ನೊಂದನ್ನು ತೆರೆದ. “ಈಗ ಸಹಾಯಕಿಯಾಗಿ. ಆ ಹೊತ್ತಲ್ಲಿ ರಸ್ತೇಲಿ ಯಾಕಿರ್ಲಿಲ್ಲ?”

“ಅದೇ ಸಾರ್, ಸಹಿ...”

“ಸಹಿ ವಿಷಯ ತಾಯಿ ಫೈಲಲ್ಲಿ ಬಂತು. ಇದು ಬೇರೆ ಫೈಲು.”

“ಮಗೂನ ಮನೇಲಿರೋರು ಕೈ ಹಿಡಿದು ದಾಟಿಸಬೇಕಿತ್ತು ಸಾರ್, ಅದೂ ನಿಜ.”

ಅಧಿಕಾರಿ ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟ. “ನೋಡಿ, ತಾಯಿ ಸರ್ಕಾರದ ಮೇಲೆ ಹಾಕ್ತಿದಾಳೆ. ಸಹಾಯಕಿ ಮನೆಯವರ ಮೇಲೆ ಹಾಕ್ತಿದಾಳೆ. ನಾನು ಯಾರನ್ನ ನಂಬಲಿ?”

“ಸಾರ್, ಇಬ್ರೂ ನಾನೇ.”

“ಅದೇ ಇಲ್ಲಿ ತೊಡಕು.”

“ಹಂಗಾದ್ರೆ ಬರ್ಕೊಳ್ಳಿ,” ಅಂದಳು ಟೈಲರಮ್ಮ. “ತಪ್ಪು ನಂದಿದೆ. ಮಗೂಗೆ ಜಡೆ ಹಾಕೋಕೂ ಪುರುಸೊತ್ತಿಲ್ಲದ ಹಂಗೆ ಈ ಜಾಕೆಟ್ ಹಾಕ್ಕೊಂಡು ಮೆರೆದೆ. ಆದ್ರೆ ಪೂರ್ತಿ ನಂದೇ ಅಂತ ಬರೀಬೇಡಿ. ರಸ್ತೆ ಮಾಡಿದೋರಿಗೆ, ಓಡಿಸ್ದೋರಿಗೆ, ಎಂಟೂವರೆಗೆ ಇಲ್ಲಿಗೆ ಕರೆಸಿದೋರಿಗೆ ಸ್ವಲ್ಪ ಸ್ವಲ್ಪ ಜಾಗ ಬಿಡಿ.”

ಅಧಿಕಾರಿಗೆ ನಿಜಕ್ಕೂ ಗಾಬರಿಯಾಯಿತು. ತಪ್ಪನ್ನು ಪೂರ್ತಿ ಒಪ್ಪಿದವರನ್ನು ಕಂಡಿದ್ದ, ಪೂರ್ತಿ ಅಲ್ಲಗಳೆದವರನ್ನೂ ಕಂಡಿದ್ದ. ತಟ್ಟೆಗೆ ಬಡಿಸಿದ ಹಾಗೆ ಪಾಲು ಹಾಕುವವಳನ್ನು ಕಂಡಿರಲಿಲ್ಲ. “ತಪ್ಪನ್ನ ಪಾಲು ಮಾಡೋಕೆ ಅವಕಾಶ ಇಲ್ಲಮ್ಮ,” ಅಂದ. ಎರಡು ದಿನ ಯೋಚಿಸಿ ತೀರ್ಮಾನ ಬರೆದ. ತಾಯಿಯೂ ಕಚೇರಿಯಲ್ಲಿದ್ದಳು, ಸಹಾಯಕಿಯೂ ಕಚೇರಿಯಲ್ಲಿದ್ದಳು, ಇಬ್ಬರೂ ನಿಯಮ ಪಾಲಿಸಿದ್ದಾರೆ. ಆದ್ದರಿಂದ ಎರಡೂ ಕಡೆ ನೋಡದೆ ರಸ್ತೆ ದಾಟಿದ ಮಗುವಿನದೇ ತಪ್ಪು. ಚಿಕ್ಕ ವಯಸ್ಸೆಂದು ಈ ಸಲ ಕ್ಷಮಿಸಲಾಗಿದೆ.

ಟೈಲರಮ್ಮ ಜಾಕೆಟ್ಟನ್ನು ಮಡಿಸಿ, ಪೀಪಿಯನ್ನು ಮೇಲಿಟ್ಟು ಒಪ್ಪಿಸಿ ಬಂದಳು. ಬಗಲು ಕಿರಿದು ಮಾಡಿದ್ದು ಸರ್ಕಾರಿ ಸಾಮಾನಿಗೆ ಹಾನಿ ಅಂತ ಗುಮಾಸ್ತ ತಗಾದೆ ತೆಗೆದ. ಅವಳು ಅಲ್ಲೇ ಕೂತು ಹೊಲಿಗೆ ಬಿಚ್ಚಿ, ಮೊದಲಿನಂತೆ ಇಬ್ಬರು ಹಿಡಿಸುವಷ್ಟು ಅಗಲ ಮಾಡಿ ಕೊಟ್ಟಳು. ಆ ಕೆಲಸಕ್ಕೆ ಮೆಂಬರಿನ ಭಾವಮೈದುನ ಬಂದ. ಅವನ ಹಾಜರಿ ಒಂದು ದಿನವೂ ತಪ್ಪಲಿಲ್ಲ. ರಸ್ತೆಯಲ್ಲಿ ಅವನನ್ನು ಕಂಡವರಿಲ್ಲ.

ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಸುಮ್ಮನೆ ಕೂರಲಿಲ್ಲ. ಅಲ್ಲ, ಕೂತಳು, ಕೂತ ಜಾಗ ಬೇರೆ. ಒಂದು ಬೆಳಿಗ್ಗೆ ಅಂಗಡಿಯ ಮಡಿಸುವ ಕುರ್ಚಿಯನ್ನು ಎಳೆದುಕೊಂಡು ಹೋಗಿ ರಸ್ತೆಯ ನಟ್ಟನಡುವೆ ಹಾಕಿ ಕೂತುಬಿಟ್ಟಳು.

“ಅತ್ತೆ! ಎದ್ದೇಳಿ, ಏನಿದು!”

“ಮಂಡಿ ನೋವು ಕಣೇ. ನಿಂತ್ಕೊಳ್ಳೋಕಾಗಲ್ಲ.”

ವಾಹನದವರು ಹಾರನ್ನು ಹೊಡೆದರು. ಅತ್ತೆಗೆ ಒಂದು ಕಿವಿ ಮೊದಲೇ ಕೇಳುತ್ತಿರಲಿಲ್ಲ, ಇನ್ನೊಂದನ್ನು ಅಂದು ತಾನೇ ಮುಚ್ಚಿಕೊಂಡಳು. ಕಾರಿನವನೊಬ್ಬ ಇಳಿದು ಬಂದು, “ಅಜ್ಜೀ, ಸಾಯಬೇಕು ಅಂತಿದೀಯಾ?” ಅಂದ. “ನನ್ನ ವಯಸ್ಸಿಗೆ ಅದೇನು ದೊಡ್ಡದಪ್ಪ? ನಿನ್ನ ಗಾಡೀಲಿರೋ ಮಗೂನ ಇಲ್ಲೇ ಇಳಿಸು, ನಡೆಸ್ಕೊಂಡು ಹೋಗು,” ಅಂದಳು. ಅವನು ಸುತ್ತ ನೋಡಿದ. ಬೇರೆ ದಾರಿಯಿರಲಿಲ್ಲ, ಇಳಿಸಿದ. ಮಾರನೇ ದಿನ ವ್ಯಾನಿನವನೇ ಬಂದು ಕುರ್ಚಿಯ ಪಕ್ಕದಲ್ಲಿ ತನ್ನ ವ್ಯಾನನ್ನು ಅಡ್ಡ ನಿಲ್ಲಿಸಿದ. ಆಮೇಲೆ ಪೇಪರ್ ಅಂಗಡಿಯವನು ಬಂದ, ಟೈಲರಮ್ಮನ ಮುಖ ನೋಡದೆ. “ಅವತ್ತು ಆಡಿದ ಮಾತು ತಪ್ಪಾಯ್ತಪ್ಪ,” ಅಂತ ಅವಳೇ ಹೇಳಿದಳು. “ನಾನೂ ಮಗನ ಜೊತೆ ಬರಬೇಕಿತ್ತು ಬಿಡಿ,” ಅಂದ ಅವನು. ದಿನಕ್ಕೊಬ್ಬರಂತೆ ಸರದಿ ಶುರುವಾಯಿತು. ಸರದಿ ತಪ್ಪಿಸುವವರೂ ಇದ್ದರು. ಮೂಗು ಸೋರುವ ಹುಡುಗನ ಅಮ್ಮ ಈಗಲೂ ಬೀದಿಯ ತುದಿಯಿಂದಲೇ ಕೂಗುತ್ತಾಳೆ.

ಸಾರ್ವಜನಿಕ ರಸ್ತೆಯಲ್ಲಿ ಕುರ್ಚಿ ಹಾಕುವಂತಿಲ್ಲ ಅಂತ ತೆಗೆಸಲು ಎಂಜಿನಿಯರು ಒಂದು ದಿನ ಬಂದ. ಬಂದವನು ನೋಡುತ್ತಾನೆ, ವಾಹನಗಳೆಲ್ಲ ಆಮೆಯ ಹಾಗೆ ಹೋಗುತ್ತಿವೆ. “ಇದು ನಿಧಾನವಾಗಿ ಹೋಗೋ ಜಾಗ!” ಅಂತ ಅವನಿಗೆ ಸಂತೋಷವಾಯಿತು. “ಇಲ್ಲಿ ಹಂಪ್ ಹಾಕೋಕೆ ನಿಯಮದಲ್ಲಿ ಯಾವ ಅಡ್ಡೀನೂ ಇಲ್ಲ.” ಕುರ್ಚಿಯಿದ್ದ ಜಾಗದಲ್ಲೇ ಹಂಪ್ ಎದ್ದಿತು. ಮೆಂಬರು ಬಂದು ಅದರ ಮೇಲೆ ನಿಂತು, ಮಕ್ಕಳ ಬಗ್ಗೆ ತನಗಿರುವ ಕಾಳಜಿಯ ಕುರಿತು ಬಿಸಿಲೇರುವ ತನಕ ಮಾತಾಡಿದ. ಅತ್ತೆ ಮುಂದಿನ ಸಾಲಿನಲ್ಲಿ ಅದೇ ಕುರ್ಚಿಯಲ್ಲಿ ಕೂತು ತೂಕಡಿಸಿದಳು.

ಗುಂಡಿಯ ಕೈಯ ಪ್ಲಾಸ್ಟರು ಬಿಚ್ಚಿದ ಮರುದಿನ ಟೈಲರಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳ ಜೊತೆ ರಸ್ತೆಗಿಳಿದಳು. ಎರಡೂ ಕಡೆ ವಾಹನ ನಿಧಾನವಾಗಿತ್ತು. ಆದರೂ ಕೈ ಚಾಚಿದಳು.

“ಬೇಡಮ್ಮ, ಎಲ್ರೂ ನೋಡ್ತಾರೆ,” ಅಂದಳು ಗುಂಡಿ. “ನಾನೇನು ಪಾಪೂನಾ?”

“ಅಲ್ವೇ ಅಲ್ಲ. ನನಗೇ ಭಯ ಕಣೇ, ಹಿಡ್ಕೋ.”

ಗುಂಡಿ ಯೋಚಿಸಿದಳು. ಆಮೇಲೆ ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು, ಅಮ್ಮನ ಎರಡು ಬೆರಳು ಮಾತ್ರ ಹಿಡಿದುಕೊಂಡು, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, “ಬಾ,” ಅಂದಳು.